ಎಲ್‌ಎಲ್‌ಬಿ ಮೆರಿಟ್ ಲಿಸ್ಟ್: ಸಿಜಿಪಿಎ ಬಂದವರನ್ನೂ ಪರ್ಸೆಂಟೇಜ್ ಬಂದವರನ್ನೂ ಒಂದೇ ಸಾಲಿನಲ್ಲಿ ಹೇಗೆ ನಿಲ್ಲಿಸುತ್ತಾರೆ?

ವಿದ್ಯಾನಗರದ ಅಕ್ಕ (ದಾವಣಗೆರೆ)

ನಾನು ಮತ್ತು ನನ್ನ ತಮ್ಮ ಇಬ್ಬರೂ ಈ ವರ್ಷ ಮೂರು ವರ್ಷದ ಎಲ್‌ಎಲ್‌ಬಿಗೆ ಅರ್ಜಿ ಹಾಕುತ್ತಿದ್ದೇವೆ. ನನ್ನದು ದಾವಣಗೆರೆ ವಿಶ್ವವಿದ್ಯಾಲಯದ ಹಳೇ ಸ್ಕೀಮಿನ (ಪಠ್ಯಕ್ರಮದ) ಬಿಕಾಂ. ಮಾರ್ಕ್ಸ್ ಕಾರ್ಡಿನಲ್ಲಿ ಅಂಕಗಳೇ ಇವೆ. ಕೂಡಿಸಿದರೆ 61.8 ಪರ್ಸೆಂಟ್. ತಮ್ಮನದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನ ಬಿಇ. ಅವನಿಗೆ ಬಂದದ್ದು ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರಿನ ಗ್ರೇಡ್ ಪಾಯಿಂಟುಗಳ ಒಟ್ಟು ಸರಾಸರಿ, 10ಕ್ಕೆ 6.9.

ಒಂದು ಕಾಲೇಜಿನ ಆಫೀಸಿಗೆ ಹೋಗಿ ವಿಚಾರಿಸಿದೆವು. ಕೌಂಟರಿನಲ್ಲಿದ್ದವರು 6.9ನ್ನು 10ರಿಂದ ಗುಣಿಸಿ, ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ 69 ಅಂತ ಬರೆದುಕೊಂಡರು. ಪಕ್ಕದ ಟೇಬಲಿನವರು ಇಣುಕಿ ನೋಡಿ, ಹಾಗಲ್ಲ, 9.5ರಿಂದ ಗುಣಿಸಬೇಕು ಅಂದರು. ಆಗ 65.55 ಆಯಿತು. ತಮ್ಮನ ಬಳಿ ಇರುವ ವಿಟಿಯು ಸೂತ್ರದ ಪ್ರಕಾರ 0.75 ಕಳೆದು 10ರಿಂದ ಗುಣಿಸಬೇಕು. ಹಾಗೆ ಮಾಡಿದರೆ 61.5.

ಅಂದರೆ ಮೊದಲ ಎರಡು ಲೆಕ್ಕದಲ್ಲಿ ಅವನು ನನಗಿಂತ ತುಂಬಾ ಮುಂದೆ. ಮೂರನೆಯದರಲ್ಲಿ ನನಗಿಂತ ಹಿಂದೆ. ಓದಿದ್ದು ಅದೇ, ಬರೆದದ್ದೂ ಅದೇ. ಯಾವ ಲೆಕ್ಕ ಸರಿ? ಇದನ್ನು ಯಾರು ತೀರ್ಮಾನ ಮಾಡಬೇಕು? ಗೊತ್ತಿರುವವರು ಹೇಳಿ. ಮನೆಯಲ್ಲಿ ಜಗಳ ಬೇರೆ ಶುರುವಾಗಿದೆ.

ಮಂಡಕ್ಕಿ ಮಿರ್ಚಿ

ಅಕ್ಕ, ತಮ್ಮನನ್ನು ಎಂಜಿನಿಯರ್ ಕೆಲಸಕ್ಕೇ ಕಳಿಸಿಬಿಡಿ. ಸೀಟೂ ಉಳಿಯುತ್ತದೆ, ಜಗಳವೂ ನಿಲ್ಲುತ್ತದೆ.

ಪರೀಕ್ಷಾ ವಿಭಾಗದ ಹಳಬ (ದಾವಣಗೆರೆ)

ನಾನು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್, ಪರೀಕ್ಷೆ ಎರಡೂ ನೋಡಿಕೊಂಡು ನಿವೃತ್ತನಾದವನು. ನೇರವಾಗಿ ಹೇಳುತ್ತೇನೆ. ಯಾವ ವಿಶ್ವವಿದ್ಯಾಲಯ ಗ್ರೇಡ್ ಕೊಟ್ಟಿತೋ ಅದೇ ವಿಶ್ವವಿದ್ಯಾಲಯದ ಸೂತ್ರ ನಡೆಯಬೇಕು. ಸೇರುವ ಕಾಲೇಜಿನ ಸೂತ್ರ ಅಲ್ಲ, ಕೌಂಟರಿನಲ್ಲಿ ಕೂತವರದ್ದಂತೂ ಅಲ್ಲವೇ ಅಲ್ಲ.

9.5 ಎಲ್ಲಿಂದ ಬಂತು ಅಂದರೆ, ಅದು ಸಿಬಿಎಸ್‌ಇ ಹತ್ತನೇ ತರಗತಿಯದ್ದು. 2010ರಿಂದ 2017ರವರೆಗೆ ಅಲ್ಲಿ ಹತ್ತನೇ ಕ್ಲಾಸಿಗೆ ಸಿಜಿಪಿಎ ಕೊಡುತ್ತಿದ್ದರು. 91ರಿಂದ 100ರ ನಡುವೆ ಅಂಕ ತೆಗೆದ ಮಕ್ಕಳ ಸರಾಸರಿ ಸುಮಾರು 95 ಬರುತ್ತಿತ್ತು. ಅಂಥವರಿಗೆ ಗ್ರೇಡ್ ಪಾಯಿಂಟ್ 10. 95ನ್ನು 10ರಿಂದ ಭಾಗಿಸಿದರೆ 9.5. ಇಷ್ಟೇ ಅದರ ಹುಟ್ಟು. ಹತ್ತನೇ ಕ್ಲಾಸಿನ ಮಕ್ಕಳಿಗೆ ಹೊಲಿದ ಅಂಗಿಯನ್ನು ತಂದು ಎಂಜಿನಿಯರಿಂಗ್ ಹುಡುಗನಿಗೆ ತೊಡಿಸುತ್ತಿದ್ದಾರೆ. ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸುಲಭವಾಗಿ ಸಿಗುವುದು ಅದೇ, ಹಾಗಾಗಿ ಎಲ್ಲ ಕಡೆ ಅದೇ ಓಡುತ್ತಿದೆ.

ವಿಟಿಯು 2015, 2017, 2018ರ ಸ್ಕೀಮುಗಳಿಗೆ ನಿಮ್ಮ ತಮ್ಮ ಹೇಳಿದ ಸೂತ್ರವೇ ಸರಿ. ಸಿಜಿಪಿಎಯಿಂದ 0.75 ಕಳೆಯಬೇಕು, ಉಳಿದದ್ದನ್ನು 10ರಿಂದ ಗುಣಿಸಬೇಕು. ಅದೇ ವಿಟಿಯುವಿನ ಬೇರೆ ಸ್ಕೀಮಿನವರು ಈ ಸೂತ್ರವನ್ನು ಸುಮ್ನೆ ಎತ್ತಿಕೊಳ್ಳಬಾರದು. ತಮ್ಮ ಗ್ರೇಡ್ ಕಾರ್ಡಿನ ಹಿಂಬದಿ ನೋಡಲಿ, ಇಲ್ಲವಾದರೆ ತಮ್ಮ ಸ್ಕೀಮಿನ ರೆಗ್ಯುಲೇಷನ್ ತೆಗೆದು ನೋಡಲಿ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕೈಪಿಡಿಯಲ್ಲೂ ಇದೇ ಲೆಕ್ಕದ ಪಟ್ಟಿ ಇತ್ತು. 6.25 ಅಂದರೆ 55, 6.75 ಅಂದರೆ 60, 7.25 ಅಂದರೆ 65, ಹೀಗೆ.

ಆದ್ದರಿಂದ ನಿಮ್ಮ ತಮ್ಮನದು 61.5.

ವಿದ್ಯಾನಗರದ ಅಕ್ಕ

ಧನ್ಯವಾದ ಸರ್. ಇದನ್ನು ಅವನಿಗೆ ತೋರಿಸಿದೆ. "ಹಾಗಾದರೆ ವಿಟಿಯುನವರು ಸುಮ್ನೆ ಯಾಕೆ 7.5 ಪರ್ಸೆಂಟ್ ಕಿತ್ತುಕೊಳ್ಳುತ್ತಾರೆ?" ಅಂತ ಕೇಳುತ್ತಿದ್ದಾನೆ. ನನಗೂ ಅದು ಅರ್ಥ ಆಗಲಿಲ್ಲ.

ಹಿರಿಯೂರು ಮೇಷ್ಟ್ರು

ಇದು ನನ್ನ ಇಷ್ಟದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಕಿತ್ತುಕೊಂಡದ್ದಲ್ಲ, ಮೊದಲೇ ಜಾಸ್ತಿ ಕೊಟ್ಟಿದ್ದನ್ನು ವಾಪಸ್ ತೆಗೆದುಕೊಂಡದ್ದು. ಹೇಗೆ ನೋಡಿ. ವಿಟಿಯುನಲ್ಲಿ 60ರಿಂದ 69ರವರೆಗೆ ಎಷ್ಟೇ ಅಂಕ ಬಂದರೂ ಗ್ರೇಡ್ ಪಾಯಿಂಟ್ 7. 70ರಿಂದ 79ರವರೆಗೆ 8. ಇಂಥ ಅಂಕದ ಪಟ್ಟಿಗಳಲ್ಲಿ ಮೇಲಿನ ತುದಿಗೆ ಎಳೆದು ಪಾಯಿಂಟ್ ಕೊಡುತ್ತಾರೆ. 60 ತೆಗೆದವನಿಗೂ 7 ಅಂದರೆ, ಅದನ್ನು 10ರಿಂದ ಗುಣಿಸಿದಾಗ 70 ಆಗಿಬಿಡುತ್ತದೆ. ಅವನು ತೆಗೆಯದ ಹತ್ತು ಅಂಕ ಗಾಳಿಯಲ್ಲಿ ಬಂತು. ಅದಕ್ಕೇ 0.75 ಕಳೆಯುವುದು. ಆಗ 7 ಪಾಯಿಂಟಿನವನಿಗೆ 62.5 ಬರುತ್ತದೆ. ಪಟ್ಟಿಯ ಮಧ್ಯಕ್ಕಿಂತ ಒಂಚೂರು ಕೆಳಗೆ.

ಈಗ ತೊಂದರೆ ಎಲ್ಲಿದೆ ಅಂತ ನೋಡೋಣ. ಎಲ್ಲ ವಿಷಯದಲ್ಲೂ 60 ತೆಗೆದ ಒಬ್ಬ ಹುಡುಗ, ಎಲ್ಲದರಲ್ಲೂ 69 ತೆಗೆದ ಒಬ್ಬಳು ಹುಡುಗಿ ಅಂದುಕೊಳ್ಳಿ. ಇಬ್ಬರ ಸಿಜಿಪಿಎ 7. ಇಬ್ಬರಿಗೂ ಸೂತ್ರ ಕೊಡುವುದು 62.5. ಹುಡುಗನಿಗೆ ಎರಡೂವರೆ ಲಾಭ, ಹುಡುಗಿಗೆ ಆರೂವರೆ ನಷ್ಟ. ಅದೇ ಸಾಲಿನಲ್ಲಿ ಹಳೇ ಸ್ಕೀಮಿನ ಬಿಎ ಓದಿ 63 ತೆಗೆದವನು ನಿಂತಿದ್ದರೆ, 69 ತೆಗೆದ ಹುಡುಗಿ ಅವನ ಹಿಂದೆ ಹೋಗುತ್ತಾಳೆ. ಯಾವ ಸೂತ್ರ ತಂದರೂ ಇದನ್ನು ಸರಿಮಾಡಲು ಆಗುವುದಿಲ್ಲ. ಅಂಕವನ್ನು ಪಾಯಿಂಟ್ ಮಾಡುವಾಗಲೇ ಮಾಹಿತಿ ಕಳೆದುಹೋಗಿದೆ. ಕಳೆದದ್ದನ್ನು ಗುಣಾಕಾರ ಮಾಡಿ ವಾಪಸ್ ತರಲು ಬರುವುದಿಲ್ಲ.

ಇನ್ನೊಂದು ಸಂಗತಿ. ಸಿಜಿಪಿಎಯನ್ನು ಸೆಮಿಸ್ಟರುಗಳ ಎಸ್‌ಜಿಪಿಎ (ಒಂದೊಂದು ಸೆಮಿಸ್ಟರಿನ ಸರಾಸರಿ ಪಾಯಿಂಟ್) ಕೂಡಿಸಿ ಭಾಗಿಸಿ ತೆಗೆಯುವವರು ಬಹಳ ಜನ. ಅದು ತಪ್ಪು. ಕ್ರೆಡಿಟ್, ಅಂದರೆ ಪ್ರತಿ ವಿಷಯಕ್ಕೆ ಕೊಟ್ಟ ತೂಕ, ಲೆಕ್ಕಕ್ಕೆ ಬರಬೇಕು. ಒಂದು ಸೆಮಿಸ್ಟರಿನಲ್ಲಿ 20 ಕ್ರೆಡಿಟ್, ಎಸ್‌ಜಿಪಿಎ 8. ಇನ್ನೊಂದರಲ್ಲಿ 24 ಕ್ರೆಡಿಟ್, ಎಸ್‌ಜಿಪಿಎ 6. ಸುಮ್ನೆ ಸರಾಸರಿ ತೆಗೆದರೆ 7. ಸರಿಯಾಗಿ ಲೆಕ್ಕ ಹಾಕಿದರೆ 160 ಮತ್ತು 144 ಕೂಡಿಸಿ 304, ಅದನ್ನು 44ರಿಂದ ಭಾಗಿಸಬೇಕು. 6.91 ಬರುತ್ತದೆ. ಪರ್ಸೆಂಟೇಜಿಗೆ ತಂದಾಗ 62.5 ಇದ್ದದ್ದು 61.6 ಆಯಿತು. ಈ ಅಕ್ಕ ತಮ್ಮಂದಿರ ನಡುವೆ ಇರುವ ವ್ಯತ್ಯಾಸವೇ 0.3. ಹಾಗಾಗಿ ಆ 6.9 ಅನ್ನುವುದು ಗ್ರೇಡ್ ಕಾರ್ಡಿನಲ್ಲಿ ಅಚ್ಚಾಗಿರುವುದೋ, ಅವನೇ ಹಾಕಿಕೊಂಡ ಲೆಕ್ಕವೋ, ಅದನ್ನು ಮೊದಲು ಕೇಳಿ.

ವಿದ್ಯಾನಗರದ ಅಕ್ಕ

ಅಚ್ಚಾಗಿರುವುದೇ ಮೇಷ್ಟ್ರೇ. ಪುಣ್ಯ!

ಜಗಳೂರು ಹುಡುಗ

ಅಣ್ಣಂದಿರೇ, ವಿಟಿಯು ರಿಸಲ್ಟ್ ಬಂದಾಗ ವೆಬ್‌ಸೈಟಿನಲ್ಲಿ ಇಂಟರ್ನಲ್, ಎಕ್ಸ್‌ಟರ್ನಲ್, ಟೋಟಲ್ ಮೂರೂ ಕಾಣುತ್ತವಲ್ಲ. ಅದನ್ನೆಲ್ಲ ಕೂಡಿಸಿ ನಿಜವಾದ ಪರ್ಸೆಂಟೇಜ್ ತೆಗೆದು ಕೊಟ್ಟರೆ ಆಗುವುದಿಲ್ಲವಾ?

ಪರೀಕ್ಷಾ ವಿಭಾಗದ ಹಳಬ

ನಿಮಗೆ ಸಮಾಧಾನ ಆಗುತ್ತದೆ, ಆಫೀಸಿಗೆ ಆಗುವುದಿಲ್ಲ. ವಿಶ್ವವಿದ್ಯಾಲಯ ಸೀಲು ಹಾಕಿ ಕೊಟ್ಟ ಕಾಗದದಲ್ಲಿ ಇರುವುದಷ್ಟೇ ಲೆಕ್ಕ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೀಟು ಕೊಟ್ಟರೆ ನಾಳೆ ಪರಿಶೀಲನೆಗೆ ಬಂದವರಿಗೆ ಉತ್ತರ ಹೇಳಬೇಕಾದವನು ಗುಮಾಸ್ತ. ನಮ್ಮ ಕಷ್ಟವೂ ಸ್ವಲ್ಪ ಅರ್ಥ ಮಾಡಿಕೊಳ್ಳಿ. ಜೂನ್, ಜುಲೈ ಬಂತೆಂದರೆ ಟೇಬಲ್ ಮೇಲೆ ಹತ್ತಾರು ವಿಶ್ವವಿದ್ಯಾಲಯದ ಕಾರ್ಡು. ಒಂದರಲ್ಲಿ ಅಂಕ, ಒಂದರಲ್ಲಿ ಅಕ್ಷರ, ಒಂದರಲ್ಲಿ ಎರಡೂ.

ಕೋಟೆ ಊರಿನ ವಕೀಲ (ಚಿತ್ರದುರ್ಗ)

ಎಲ್ಲರೂ ಮೆರಿಟ್ ಲಿಸ್ಟ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಅದಕ್ಕಿಂತ ಮೊದಲು ಒಂದು ಹೊಸ್ತಿಲು ಇದೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು. ಅವುಗಳ 7ನೇ ನಿಯಮದಲ್ಲಿ ಕನಿಷ್ಠ ಅಂಕದ ಮಾತಿದೆ. ಸಾಮಾನ್ಯ ವರ್ಗಕ್ಕೆ 45 ಪರ್ಸೆಂಟ್, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 40. ಆಂಧ್ರ, ತೆಲಂಗಾಣದ ಲಾಸೆಟ್ ಅನ್ನುವ ಕಾನೂನು ಪ್ರವೇಶ ಪರೀಕ್ಷೆಯಲ್ಲಿ ಹಿಂದುಳಿದ ವರ್ಗಕ್ಕೆ 42 ಅಂತ ಇದೆ. ನಮ್ಮಲ್ಲಿ ಆಯಾ ವರ್ಷದ ಅಧಿಸೂಚನೆಯಲ್ಲಿ ಏನು ಬರೆದಿದೆಯೋ ಅದನ್ನೇ ಹಿಡಿಯಿರಿ.

ಈ ಹೊಸ್ತಿಲಿನಲ್ಲಿ ಸೂತ್ರದ ಆಟ ಇನ್ನೂ ಜೋರು. ವಿಟಿಯು 2018ರ ಸ್ಕೀಮಿನಲ್ಲಿ 45 ಬರಬೇಕಾದರೆ ಸಿಜಿಪಿಎ 5.25 ಇರಬೇಕು. 5.2 ಇದ್ದವನಿಗೆ ಬರುವುದು 44.5. ಅವನೇ 9.5ರಿಂದ ಗುಣಿಸಿದರೆ 49.4! ಒಂದು ಲೆಕ್ಕದಲ್ಲಿ ಅವನು ಲಾ ಓದಲು ಅರ್ಹನೇ ಅಲ್ಲ, ಇನ್ನೊಂದರಲ್ಲಿ ಆರಾಮಾಗಿ ಒಳಗೆ. ಡಿಗ್ರಿ ಪಾಸಾಗಿದೆ ಅಂದ ಮಾತ್ರಕ್ಕೆ 45 ದಾಟಿದೆ ಅಂತ ತಿಳಿಯಬೇಡಿ.

"44.5ನ್ನು 45 ಅಂತ ಮಾಡಿಕೊಳ್ಳಬಹುದಲ್ವಾ ಸರ್" ಅಂತ ಪ್ರತಿ ವರ್ಷ ಯಾರಾದರೂ ನನ್ನನ್ನು ಕೇಳುತ್ತಾರೆ. ಅದನ್ನು ನಂಬಿಕೊಂಡು ಕೂರಬೇಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಡಿಶಾದ ಸಿವಿಲ್ ನ್ಯಾಯಾಧೀಶರ ನೇಮಕಾತಿಯ ಒಂದು ಪ್ರಕರಣ ಬಂದಿತ್ತು. ಬೇಕಿದ್ದದ್ದು ಒಟ್ಟು 45 ಪರ್ಸೆಂಟ್. ಅಭ್ಯರ್ಥಿಗೆ ಬಂದದ್ದು 44.93. ಹೈಕೋರ್ಟ್ ಅದನ್ನು 45 ಅಂತ ಪರಿಗಣಿಸಿ ಅಂದಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿಯಮದಲ್ಲಿ ಅವಕಾಶ ಇಲ್ಲದಿದ್ದರೆ ಮೇಲಕ್ಕೆ ಸರಿಸುವಂತಿಲ್ಲ ಅಂತ ಹೇಳಿತು. ಅದು ನೇಮಕಾತಿ ಪ್ರಕರಣ, ಕಾಲೇಜು ಅಡ್ಮಿಷನ್ ಅಲ್ಲ, ನಿಜ. ಆದರೆ 0.07ಕ್ಕೇ ಬಾಗಿಲು ಮುಚ್ಚಿತು ಅನ್ನುವುದು ನೆನಪಿರಲಿ.

ಅದೇ 7ನೇ ನಿಯಮದ ಕೆಳಗೆ ಒಂದು ಷರತ್ತು ಇದೆ. ಕನಿಷ್ಠ ಅಂಕ ಬಂದ ಮಾತ್ರಕ್ಕೆ ಸೀಟು ಹಕ್ಕಾಗುವುದಿಲ್ಲ, ಸಂಸ್ಥೆ ಪ್ರಕಟಿಸಿದ ಬೇರೆ ಮಾನದಂಡಗಳನ್ನೂ ಪೂರೈಸಬೇಕು ಅಂತ. ಇಲ್ಲಿ ಮುಖ್ಯ ಪದ "ಪ್ರಕಟಿಸಿದ". ಪೆನ್ಸಿಲಿನಲ್ಲಿ ಬರೆದದ್ದು ಪ್ರಕಟಿಸಿದ್ದಲ್ಲ. ಅಕ್ಕ, ನೀವು ಮಾಡಬೇಕಾದ್ದು ಒಂದೇ. ಯಾವ ಸೂತ್ರದ ಮೇಲೆ ಪಟ್ಟಿ ಮಾಡುತ್ತೀರಿ ಅಂತ ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಜಗಳ ಬೇಡ, ಕೂಗಾಟ ಬೇಡ.

ಮಂಡಕ್ಕಿ ಮಿರ್ಚಿ

ವಕೀಲರೇ, ಅರ್ಜಿಗೆ ಫೀಸು ಎಷ್ಟು?

ಕೋಟೆ ಊರಿನ ವಕೀಲ

ನಿಮಗಾದರೆ ಎರಡು ಪ್ಲೇಟು ಮಿರ್ಚಿ.

ಹೊಳಲ್ಕೆರೆ ಬಿಕಾಂ

ನನ್ನದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚ್. 2021ರಲ್ಲಿ ಸೇರಿದ್ದು. ನಮಗೂ ಸಿಜಿಪಿಎ. ಒಂದು ಅನುಮಾನ ಇದೆ. ನಮಗೆ ಪ್ರತಿ ವಿಷಯದಲ್ಲಿ 40 ಇಂಟರ್ನಲ್ಸ್, 60 ಪರೀಕ್ಷೆ ಇತ್ತು. 2024ರಿಂದ ಬಂದ ಎಸ್‌ಇಪಿಯವರಿಗೆ (ರಾಜ್ಯ ಶಿಕ್ಷಣ ನೀತಿ) 20 ಇಂಟರ್ನಲ್ಸ್, 80 ಪರೀಕ್ಷೆ. ಮುಂದೆ ಅವರೂ ನಾವೂ ಒಂದೇ ಲಿಸ್ಟಿನಲ್ಲಿ ಬಂದರೆ ಹೇಗೆ?

ಹಿರಿಯೂರು ಮೇಷ್ಟ್ರು

ಒಳ್ಳೇ ಪ್ರಶ್ನೆ. ಉತ್ತರ ಮಾತ್ರ ಒಳ್ಳೇದಲ್ಲ. ಅದಕ್ಕೆ ಯಾವ ಸೂತ್ರವೂ ಇಲ್ಲ. ಇಂಟರ್ನಲ್ಸ್ ಕೊಡುವವರು ನಮ್ಮಂಥ ಮೇಷ್ಟ್ರುಗಳೇ. ನಾವು ಹುಡುಗರಿಗೆ 40ಕ್ಕೆ 36, 37 ಹಾಕುವುದು ಹೊಸದೇನಲ್ಲ. 40 ಇದ್ದಾಗ ನಮ್ಮ ಧಾರಾಳತನ ಇಡೀ ಪರ್ಸೆಂಟೇಜಿನ ಮೇಲೆ ಕೂರುತ್ತದೆ. 20 ಇದ್ದಾಗ ಅದರ ಅರ್ಧ.

ಸಿಜಿಪಿಎಯನ್ನು ಪರ್ಸೆಂಟೇಜ್ ಮಾಡುವುದು ಸುಲಭದ ಭಾಗ. ಒಂದು ವಿಶ್ವವಿದ್ಯಾಲಯದ 65, ಇನ್ನೊಂದರ 65 ಒಂದೇ ತೂಕದ್ದಾ ಅನ್ನುವುದು ಕಷ್ಟದ ಭಾಗ. ಅದನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ.

ಎಸ್‌ಪಿಎಸ್ ನಗರದ ಬಿಎಸ್ಸಿ

ನಾನು ತೊಂಬತ್ತರ ದಶಕದಲ್ಲಿ ಬಿಎಸ್ಸಿ ಮುಗಿಸಿದವಳು. ಆಗ ದಾವಣಗೆರೆಗೆ ಸ್ವಂತ ವಿಶ್ವವಿದ್ಯಾಲಯ ಇರಲಿಲ್ಲ, 2009ರಲ್ಲಿ ಬಂದದ್ದು. ನಮ್ಮದೆಲ್ಲ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಇಂಟರ್ನಲ್ಸ್ ಗಿಂಟರ್ನಲ್ಸ್ ಏನೂ ಇಲ್ಲ, ವರ್ಷಕ್ಕೊಂದು ಪರೀಕ್ಷೆ. ಫಸ್ಟ್ ಕ್ಲಾಸ್ ಬಂದರೆ ಬೀದಿಗೆಲ್ಲ ಪೇಡೆ ಹಂಚುತ್ತಿದ್ದರು. ನನಗೆ 54 ಬಂದಿತ್ತು. ಮಕ್ಕಳು ದೊಡ್ಡವರಾದರು, ಈಗ ಲಾ ಓದೋಣ ಅಂತ ಆಸೆ. ಆದರೆ ಈಗಿನ 80, 85ರ ಹುಡುಗರ ಮಧ್ಯೆ ನನ್ನ 54 ಯಾವ ಮೂಲೆಗೆ?

ಪರೀಕ್ಷಾ ವಿಭಾಗದ ಹಳಬ

ಮೇಡಂ, ಹೊಸ್ತಿಲು ದಾಟಿದ್ದೀರಿ, ಅಷ್ಟು ಸಾಕು. ಸೀಟಿಗಿಂತ ಅರ್ಜಿ ಜಾಸ್ತಿ ಬಂದಾಗ ಮಾತ್ರ ಪಟ್ಟಿಯ ಪ್ರಶ್ನೆ. ಒಂದು ಸೆಕ್ಷನ್ನಿಗೆ 60 ಜನಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ಅದು ಪರಿಷತ್ತಿನ ನಿಯಮ. ಎಷ್ಟು ಸೆಕ್ಷನ್ ಇದೆ ಅಂತ ವಿಚಾರಿಸಿ. ದಾವಣಗೆರೆಯಲ್ಲಿ ಆರ್‌ಎಲ್ ಕಾನೂನು ಕಾಲೇಜು, ದುರ್ಗದಲ್ಲಿ ಸರಸ್ವತಿ ಕಾನೂನು ಕಾಲೇಜು. ಎರಡೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಎರಡೂ ಕಡೆ ಕೇಳಿ.

ಜಗಳೂರು ಹುಡುಗ

ಈ ತಲೆನೋವೇ ಬೇಡ ಅಂತಲೇ ಎಂಟ್ರೆನ್ಸ್ ಇರುವುದು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಕೋರ್ಸಿನ ಪ್ರವೇಶ ಪರೀಕ್ಷೆ ಕ್ಲಾಟ್ ನೋಡಿ. ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ 45, ಎಸ್‌ಸಿ ಎಸ್‌ಟಿಗೆ 40 ಬಂದಿದ್ದರೆ ಸಾಕು. ಆಮೇಲೆ ಪಿಯುಸಿಯಲ್ಲಿ 99 ಬಂದಿದ್ದರೂ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. 120 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಅಂಕ ಕಡಿತ. ರ್‍ಯಾಂಕ್ ಅದರಿಂದಲೇ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2022ರಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಶುರು ಮಾಡಿತು. ಅದಕ್ಕೂ ಅವರದೇ ಪರೀಕ್ಷೆ. ನಮ್ಮ ಎಲ್ಲ ಕಾಲೇಜಿಗೂ ಒಂದು ಎಂಟ್ರೆನ್ಸ್ ಇಟ್ಟುಬಿಟ್ಟರೆ ಕಥೆ ಮುಗಿಯಿತು.

ಎಸ್‌ಪಿಎಸ್ ನಗರದ ಬಿಎಸ್ಸಿ

ತಮ್ಮಾ, ಕ್ಲಾಟ್ ಕೋಚಿಂಗ್ ಫೀಸು ಕೇಳಿದ್ದೀಯಾ? ಪೇಪರ್ ಪೂರ್ತಿ ಇಂಗ್ಲಿಷ್. ಜಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮೀಡಿಯಂ ಬಿಎ ಓದಿದ ಹುಡುಗಿ ಅಲ್ಲಿ ಏನು ಮಾಡಬೇಕು? ಮೂರು ವರ್ಷ ಕೂತು ಓದಿ ತೆಗೆದ ಅಂಕಕ್ಕೆ ಬೆಲೆ ಇಲ್ಲ, ಎರಡು ಗಂಟೆಗೆ ಬೆಲೆ. ಸೂತ್ರ ಸರಿ ಇಲ್ಲ ಅಂದರೆ ಸೂತ್ರ ಸರಿ ಮಾಡಲಿ. ಅಂಕವನ್ನೇ ಎತ್ತಿ ಬಿಸಾಕುವುದು ಯಾಕೆ?

ಜಗಳೂರು ಹುಡುಗ

ಅಕ್ಕ, ಅದೂ ನಿಜ. ನಮ್ಮೂರಿನ ವಿಷಯ ತೆಗೆದರೆ ನನಗೆ ಮಾತೇ ಬರುವುದಿಲ್ಲ.

ಡಲ್ಲಾಸಿನಲ್ಲಿರುವ ದುರ್ಗದವಳು

ತಡವಾಗಿ ನೋಡಿದೆ. ಅಮೆರಿಕದಲ್ಲಿ ಇದನ್ನು ಹೇಗೆ ಮಾಡುತ್ತಾರೆ ಅಂತ ಹೇಳುತ್ತೇನೆ, ಹೋಲಿಕೆಗೆ ಉಪಯೋಗ ಆಗಬಹುದು. ನಾನು ನಮ್ಮೂರ ಕಡೆಯೇ ಬಿಇ ಮಾಡಿ, ಇಲ್ಲಿ ಕೆಲಸ ಮಾಡುತ್ತಾ ಲಾ ಸ್ಕೂಲಿಗೆ ಅರ್ಜಿ ಹಾಕಿದವಳು. ಇಲ್ಲಿ ಜೆಡಿ ಅಂತ ಮೂರು ವರ್ಷದ ಪದವಿ. ಯಾವ ಡಿಗ್ರಿ ಆಗಿದ್ದರೂ ಹಾಕಬಹುದು.

ಇಲ್ಲಿ ಲಾ ಸ್ಕೂಲುಗಳು ನಿಮ್ಮ ಮಾರ್ಕ್ಸ್ ಕಾರ್ಡನ್ನು ನೇರವಾಗಿ ಹಿಡಿದು ಲೆಕ್ಕ ಹಾಕುವುದಿಲ್ಲ. ಎಲ್‌ಎಸ್‌ಎಸಿ ಅಂತ ಒಂದು ಸಂಸ್ಥೆ ಇದೆ. ಎಲ್ಲರ ಟ್ರಾನ್ಸ್‌ಕ್ರಿಪ್ಟೂ (ಅಧಿಕೃತ ಅಂಕಪಟ್ಟಿ) ಮೊದಲು ಅಲ್ಲಿಗೆ ಹೋಗಬೇಕು. ಅವರು ಅಮೆರಿಕ, ಕೆನಡಾದ ಎಲ್ಲ ಕಾಲೇಜುಗಳ ಗ್ರೇಡನ್ನೂ ತಮ್ಮ ಒಂದೇ ಅಳತೆಗೆ ತರುತ್ತಾರೆ. ಎ ಪ್ಲಸ್ ಅಂದರೆ 4.33, ಎ ಅಂದರೆ 4, ಎ ಮೈನಸ್ 3.67, ಬಿ ಪ್ಲಸ್ 3.33, ಹೀಗೆ ಇಳಿಯುತ್ತದೆ. ನಿಮ್ಮ ಕಾಲೇಜು ಎ ಪ್ಲಸ್‌ಗೂ 4ನ್ನೇ ಕೊಡುತ್ತಿದ್ದರೂ ಇವರು 4.33 ಅಂತಲೇ ಹಿಡಿಯುತ್ತಾರೆ. ಹಾಗಾಗಿ ಎ ಪ್ಲಸ್ ಕೊಡುವ ಕಾಲೇಜಿನಲ್ಲಿ ಓದಿದವರಿಗೆ ಲಾಭ. ಎ ಗ್ರೇಡೇ ಕೊನೆ ಅನ್ನುವ ಕಾಲೇಜಿನ ಹುಡುಗ ಎಷ್ಟೇ ಓದಲಿ, 4 ದಾಟುವುದಿಲ್ಲ. ಇಲ್ಲೂ ಈ ಬಗ್ಗೆ ಜಗಳ ಇದ್ದೇ ಇದೆ.

ನಮ್ಮವರಿಗೆ ಆಶ್ಚರ್ಯ ಆಗುವ ಇನ್ನೊಂದು ನಿಯಮ ಇದೆ. ಒಂದು ವಿಷಯದಲ್ಲಿ ಫೇಲಾಗಿ, ಮತ್ತೆ ಓದಿ ಎ ತೆಗೆದರೆ, ಕಾಲೇಜು ಹಳೇ ಎಫ್ ಅನ್ನು ಲೆಕ್ಕದಿಂದ ತೆಗೆದಿದ್ದರೂ ಎಲ್‌ಎಸ್‌ಎಸಿ ತೆಗೆಯುವುದಿಲ್ಲ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಎರಡೂ ಕಾಣುತ್ತಿದ್ದರೆ ಎರಡೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಕಡೆ ಬ್ಯಾಕ್ ಇದ್ದ ಪೇಪರ್ ಕ್ಲಿಯರ್ ಮಾಡಿದರೆ ಹೊಸ ಅಂಕ ಬಂದು ಕೂರುತ್ತದೆ, ಹಳೆಯದು ಹೋಯಿತು. ಇಲ್ಲಿ ಹಾಗಿಲ್ಲ.

ಈಗ ಭಾರತದ ಡಿಗ್ರಿಯ ವಿಷಯ. ಬಹಳ ಜನ ತಮ್ಮ 7.8ನ್ನು 10ರಿಂದ ಭಾಗಿಸಿ 4ರಿಂದ ಗುಣಿಸಿ 3.12 ಅಂತ ಬರೆದುಕೊಂಡು ಅಳುತ್ತಾರೆ. ಬೇಡವೇ ಬೇಡ. ಹೊರದೇಶದ ಡಿಗ್ರಿಗೆ ಎಲ್‌ಎಸ್‌ಎಸಿ ಜಿಪಿಎ (ಗ್ರೇಡಿನ ಸರಾಸರಿ) ಲೆಕ್ಕವನ್ನೇ ಹಾಕುವುದಿಲ್ಲ. ಟ್ರಾನ್ಸ್‌ಕ್ರಿಪ್ಟನ್ನು ತಜ್ಞರ ಕೈಗೆ ಕೊಡುತ್ತಾರೆ. ಅವರು ಅದನ್ನು ನೋಡಿ, ಈ ಸಾಧನೆ ಅತ್ಯುತ್ತಮ, ಸರಾಸರಿಗಿಂತ ಮೇಲೆ, ಸರಾಸರಿ, ಸರಾಸರಿಗಿಂತ ಕೆಳಗೆ ಅಂತ ಒಂದು ಮಾತಿನಲ್ಲಿ ಬರೆಯುತ್ತಾರೆ. ನಂಬರ್ ಇಲ್ಲ. ನನಗೆ ಇದು ತುಂಬಾ ಪ್ರಾಮಾಣಿಕ ಅನ್ನಿಸಿತು. ಹೋಲಿಸಲು ಬಾರದ್ದನ್ನು ದಶಮಾಂಶ ಹಾಕಿ ಹೋಲಿಸಲು ಹೋಗುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಇಲ್ಲಿ ಲಾ ಸ್ಕೂಲುಗಳು ತಮ್ಮ ವಿದ್ಯಾರ್ಥಿಗಳ ಜಿಪಿಎ ಮಧ್ಯಾಂಕವನ್ನು ಪ್ರಕಟಿಸುತ್ತವೆ, ರ್‍ಯಾಂಕಿಂಗಿಗೆ ಅದು ಬೇಕು. ನಮಗೆ ಜಿಪಿಎ ಇಲ್ಲದ್ದರಿಂದ ನಾವು ಆ ಲೆಕ್ಕದಲ್ಲಿ ಬರುವುದಿಲ್ಲ. ಆಗ ಎಲ್‌ಎಸ್‌ಎಟಿ ಅನ್ನುವ ಲಾ ಸ್ಕೂಲ್ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಆ ಪರೀಕ್ಷೆ 120ರಿಂದ 180ರ ಅಳತೆಯದ್ದು.

ಹಿರಿಯೂರು ಮೇಷ್ಟ್ರು

ಬಹಳ ಚೆನ್ನಾಗಿ ಹೇಳಿದಿರಿ ತಾಯಿ. ಒಂದು ಪ್ರಶ್ನೆ. ಅಮೆರಿಕದ ಕಾಲೇಜುಗಳಲ್ಲೇ ಒಂದು ಕಡೆ ಎ ಸುಲಭ, ಇನ್ನೊಂದು ಕಡೆ ಕಷ್ಟ ಇರುತ್ತದಲ್ಲ. ಅದನ್ನು ಹೇಗೆ ಸರಿದೂಗಿಸುತ್ತಾರೆ?

ಡಲ್ಲಾಸಿನಲ್ಲಿರುವ ದುರ್ಗದವಳು

ಸರಿದೂಗಿಸುವುದಿಲ್ಲ ಮೇಷ್ಟ್ರೇ, ಪಕ್ಕದಲ್ಲಿ ಮಾಹಿತಿ ಇಡುತ್ತಾರೆ. ಲಾ ಸ್ಕೂಲಿಗೆ ಹೋಗುವ ವರದಿಯಲ್ಲಿ ನಿಮ್ಮ ಜಿಪಿಎ ಜೊತೆಗೆ, ನಿಮ್ಮದೇ ಕಾಲೇಜಿನಿಂದ ಅರ್ಜಿ ಹಾಕಿದ ಬೇರೆಯವರ ನಡುವೆ ನೀವು ಎಷ್ಟನೇ ಪರ್ಸೆಂಟೈಲ್‌ನಲ್ಲಿ ಇದ್ದೀರಿ, ಅಂದರೆ ನೂರರಲ್ಲಿ ಎಷ್ಟು ಜನ ನಿಮಗಿಂತ ಕೆಳಗಿದ್ದಾರೆ ಅಂತ ಇರುತ್ತದೆ. ಆ ಕಾಲೇಜಿನವರ ಸರಾಸರಿ ಎಲ್‌ಎಸ್‌ಎಟಿ ಅಂಕವೂ ಇರುತ್ತದೆ. ಎಲ್ಲರಿಗೂ 3.9 ಕೊಡುವ ಕಾಲೇಜಿನ 3.9ಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ಓದುವವರಿಗೆ ಅಲ್ಲೇ ಗೊತ್ತಾಗುತ್ತದೆ. ವರ್ಷವಾರು ಜಿಪಿಎಯೂ ಇರುವುದರಿಂದ ಮೊದಲ ವರ್ಷ ಎಡವಿ ಆಮೇಲೆ ಮೇಲೆ ಬಂದವರು ಕಾಣುತ್ತಾರೆ.

ಹಿರಿಯೂರು ಮೇಷ್ಟ್ರು

ನೋಡಿ, ನಮ್ಮಲ್ಲಿ ಇಲ್ಲದ್ದು ಇದು. ಸೂತ್ರ ಬದಲಿಸುವುದಕ್ಕಿಂತ ಇಂಥದ್ದೊಂದು ಸಾಲು ಮಾರ್ಕ್ಸ್ ಕಾರ್ಡಿನಲ್ಲಿ ಬಂದರೆ ಸಾಕು. "ಈ ವಿದ್ಯಾರ್ಥಿ ತನ್ನ ಬ್ಯಾಚಿನ ಮೇಲಿನ ಕಾಲು ಭಾಗದಲ್ಲಿದ್ದಾನೆ" ಅಂತ. ಎಸ್‌ಪಿಎಸ್ ನಗರದ ಮೇಡಂ ಅವರ 54 ಆ ಕಾಲದಲ್ಲಿ ಎಲ್ಲಿತ್ತು, ಈಗಿನ 80 ಎಲ್ಲಿದೆ, ಎರಡೂ ಗೊತ್ತಾಗುತ್ತಿತ್ತು. ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಈ ಲೆಕ್ಕ ಒಂದು ನಿಮಿಷದ ಕೆಲಸ.

ಟೊರೊಂಟೊ ಚನ್ನಗಿರಿ

ಕೆನಡಾದ ಒಂಟಾರಿಯೊದಲ್ಲಿ ಇನ್ನೊಂದು ಥರ. ಓಎಲ್‌ಎಸ್‌ಎಎಸ್ ಅಂತ ಒಂದೇ ಅರ್ಜಿ ಕೇಂದ್ರ. ಅವರ ಬಳಿ ಒಂದು ದೊಡ್ಡ ಪಟ್ಟಿ ಇದೆ. ಯಾವ ವಿಶ್ವವಿದ್ಯಾಲಯದ ಗ್ರೇಡಿಗೆ ಯಾವ ಕಾಲಂ ಅಂತ ಮೊದಲೇ ಅಚ್ಚು ಹಾಕಿಟ್ಟಿದ್ದಾರೆ. ಪರ್ಸೆಂಟ್ ಕೊಡುವ ಒಂದು ಕಾಲಂನಲ್ಲಿ 90ರ ಮೇಲೆ 4, 85ರಿಂದ 89ಕ್ಕೆ 3.9, 80ರಿಂದ 84ಕ್ಕೆ 3.7, 77ರಿಂದ 79ಕ್ಕೆ 3.3. ಗಮನಿಸಿ, 79 ಮತ್ತು 80ರ ನಡುವೆ 0.4 ಬಿದ್ದುಹೋಗುತ್ತದೆ. 84 ಮತ್ತು 85ರ ನಡುವೆ 0.2 ಮಾತ್ರ. ಅನ್ಯಾಯ ಇಲ್ಲಿಯೂ ಇದೆ. ಆದರೆ ಪಟ್ಟಿ ಎಲ್ಲರ ಕಣ್ಣ ಮುಂದೆ ಇದೆ, ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ಲೆಕ್ಕ ಹಾಕಿಕೊಳ್ಳಬಹುದು.

ಇಲ್ಲಿ ಬಂದು ವಕೀಲಿ ಮಾಡಬೇಕು ಅನ್ನುವ ಎಲ್‌ಎಲ್‌ಬಿಯವರಿಗೆ ದಾರಿ ಬೇರೆ. ಎನ್‌ಸಿಎ ಅಂತ ಒಂದು ಸಮಿತಿ ನಿಮ್ಮ ಪದವಿ ನೋಡಿ, ಇನ್ನೂ ಯಾವ ಯಾವ ವಿಷಯ ಪಾಸಾಗಬೇಕು ಅಂತ ಹೇಳುತ್ತದೆ. ಅದಕ್ಕೆ ಬೇರೆಯೇ ಚರ್ಚೆ ಶುರು ಮಾಡಿ, ಬರೆಯುತ್ತೇನೆ.

ಭರಮಸಾಗರದ ರೈತ

ಒಂದು ಸಣ್ಣ ಪ್ರಶ್ನೆ. ನಾನು ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿ ಮಾಡದೆ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರ ಬಿಎ ಮಾಡಿದ್ದು. 58 ಬಂದಿದೆ. ಲಾ ಸಿಗುತ್ತದಾ?

ಕೋಟೆ ಊರಿನ ವಕೀಲ

ಅಣ್ಣಾ, ನಿಮ್ಮ ವಿಷಯದಲ್ಲಿ ಅಂಕ ಸಮಸ್ಯೆ ಅಲ್ಲ. ಪರಿಷತ್ತಿನ 5ನೇ ನಿಯಮ ಅಡ್ಡ ಬರುತ್ತದೆ. ದೂರಶಿಕ್ಷಣದಲ್ಲಿ ಮಾಡಿದ ಡಿಗ್ರಿ ನಡೆಯುತ್ತದೆ, ಆದರೆ ಅದರ ಕೆಳಗಿನ ಮೆಟ್ಟಿಲು ಇರಬೇಕು. ಪಿಯುಸಿ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಿಂದ ಪಡೆದ ಡಿಗ್ರಿಗೆ ಅರ್ಹತೆ ಇಲ್ಲ ಅಂತ ಅದರ ವಿವರಣೆಯಲ್ಲಿದೆ. ದಯವಿಟ್ಟು ದುಡ್ಡು ಕಟ್ಟುವ ಮೊದಲು ಕಾಲೇಜಿನಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಒಳಗೆ ಸೇರಿಸಿಕೊಂಡು, ಮೂರು ವರ್ಷ ಆದ ಮೇಲೆ ಸನ್ನದು (ವಕೀಲಿ ಮಾಡುವ ಪರವಾನಗಿ) ಸಿಗದಿದ್ದರೆ ಯಾರೂ ಕೈ ಹಿಡಿಯುವುದಿಲ್ಲ.

ವಿದ್ಯಾನಗರದ ಅಕ್ಕ

ಎಲ್ಲರಿಗೂ ಒಂದು ಸುದ್ದಿ. ವಕೀಲರು ಹೇಳಿದ ಹಾಗೆ ಅರ್ಜಿ ಬರೆದು ಕೊಟ್ಟೆವು. ಪ್ರಾಂಶುಪಾಲರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ವಿಟಿಯು ರೆಗ್ಯುಲೇಷನ್ನಿನ ಪ್ರಿಂಟ್ ನೋಡಿ, ಆಯಾ ವಿಶ್ವವಿದ್ಯಾಲಯದ ಸೂತ್ರವೇ ಹಿಡಿಯುವುದು ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿಸಿದರು. ಅರ್ಜಿಯ ಮೇಲಿದ್ದ 69 ಅಳಿಸಿ 61.5 ಬರೆದರು. ತಮ್ಮ ಮುಖ ದಪ್ಪ ಮಾಡಿಕೊಂಡಿದ್ದಾನೆ. ಅವನ ಜೊತೆ ಬಂದಿದ್ದ ಅವನ ಕ್ಲಾಸ್‌ಮೇಟ್‌ಗಳಿಗೂ ಎಲ್ಲ ಏಳೂವರೆ ಇಳಿಯಿತು. "ನಿಮ್ಮಕ್ಕ ಯಾರ ಕಡೆ?" ಅಂತ ಅವನನ್ನು ಬೈಯುತ್ತಿದ್ದಾರಂತೆ.

ಮಂಡಕ್ಕಿ ಮಿರ್ಚಿ

ಲಾ ಕಾಲೇಜಿಗೆ ಸೇರುವ ಮೊದಲೇ ಒಂದು ಕೇಸ್ ಗೆದ್ದಿರಿ. ಎದುರಾಳಿ ಮಾತ್ರ ಒಂದೇ ಮನೆಯವನು.

ಹೊಳಲ್ಕೆರೆ ಬಿಕಾಂ

ಅಕ್ಕ, ಅಭಿನಂದನೆ. ಸರ್, ನಾನೂ ಮುಂದಿನ ವಾರ ಅರ್ಜಿ ಹಾಕಲು ಹೋಗುತ್ತೇನೆ. ಸಿಜಿಪಿಎ ಇರುವವರು ಜೊತೆಯಲ್ಲಿ ಏನೇನು ಒಯ್ಯಬೇಕು ಅಂತ ಒಂದು ಸಲ ಹೇಳಿಬಿಡಿ.

ಪರೀಕ್ಷಾ ವಿಭಾಗದ ಹಳಬ

ಎಲ್ಲ ಸೆಮಿಸ್ಟರಿನ ಗ್ರೇಡ್ ಕಾರ್ಡು, ಜೆರಾಕ್ಸ್ ತೆಗೆಸುವಾಗ ಹಿಂಬದಿಯನ್ನೂ ತೆಗೆಸಿ. ಸೂತ್ರ ಅಚ್ಚಾಗಿರುವುದು ಹೆಚ್ಚಾಗಿ ಅಲ್ಲೇ, ಜನ ಮುಂಬದಿ ಮಾತ್ರ ತೆಗೆಸಿಕೊಂಡು ಬರುತ್ತಾರೆ. ಹಿಂಬದಿಯಲ್ಲಿ ಇಲ್ಲದಿದ್ದರೆ ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಹೋಗಿ ಪರೀಕ್ಷಾ ವಿಭಾಗದಲ್ಲಿ ಸಿಜಿಪಿಎ ಪರಿವರ್ತನೆಯ ಪತ್ರಕ್ಕೆ ಅರ್ಜಿ ಕೊಡಿ. ಅರ್ಜಿಯಲ್ಲಿ ರಿಜಿಸ್ಟರ್ ನಂಬರ್, ಸೇರಿದ ವರ್ಷ, ಎನ್‌ಇಪಿ ಸ್ಕೀಮ್ ಅಂತ ಸ್ಪಷ್ಟವಾಗಿ ಬರೆಯಿರಿ. ಸ್ಕೀಮ್ ಬರೆಯದಿದ್ದರೆ ವಾಪಸ್ ಕಳಿಸುತ್ತಾರೆ. ಕಾನೂನು ವಿಶ್ವವಿದ್ಯಾಲಯ ಬೇರೆ ಆದ್ದರಿಂದ ಮೈಗ್ರೇಷನ್ ಸರ್ಟಿಫಿಕೇಟ್ ಕೇಳಬಹುದು. ಅದಕ್ಕೂ ಅದೇ ದಿನ ಅರ್ಜಿ ಕೊಟ್ಟು ಬನ್ನಿ, ಎರಡು ಸಲ ಬಸ್ ಹತ್ತುವುದು ತಪ್ಪುತ್ತದೆ. ಪಿಯುಸಿ ಮಾರ್ಕ್ಸ್ ಕಾರ್ಡೂ ಇರಲಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ಬೆಳಿಗ್ಗೆಯೇ ಹೋಗಿ.